ನಮ್ಮ ‘ಬೇಡಿಕೆ’ ಮತ್ತು ಜಯಮ್ಮನ ಉತ್ತರ

ಕಳೆದ ತಿಂಗಳು ಮಲ್ಲೇಶ್ವರದಲ್ಲಿ ಬಸ್ಸು ನಿಂತಾಗ ಹೆಂಗಸೊಬ್ಬರು ಒದ್ದೆ ಗೋಣಿಚೀಲದ ತುಂಬ ದವನದ ಕಟ್ಟುಗಳನ್ನು ಹೊತ್ತು ಹತ್ತಿದರು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವರು ಕೂತು, ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡರು. ಡೀಸೆಲ್ಲು, ಬೆವರು ಎಲ್ಲವನ್ನೂ ಹಿಂದೆ ತಳ್ಳಿ ದವನದ ವಾಸನೆ ಮೇಲೆದ್ದಿತು. ಬೇರೆಯವರಿಗೆ ಆ ಪರಿಮಳ ದೇವರ ಮನೆಯನ್ನೋ ಯಾರದೋ ಮದುವೆಯನ್ನೋ ನೆನಪಿಸಬಹುದು. ನನಗೆ ನೆನಪಾಗುವುದು ನಾನು ಮಾಡಿದ ಒಂದು ತಪ್ಪು. ಎಂ.ಎ. ಎರಡನೇ ವರ್ಷದ ಬೇಸಿಗೆಯಲ್ಲಿ ನನ್ನ ಚೀಲ, ನನ್ನ ಪುಸ್ತಕ, ನಾನು ತುಂಬಿದ ಫಾರಂಗಳು ಎಲ್ಲಕ್ಕೂ ಇದೇ ವಾಸನೆ ಅಂಟಿಕೊಂಡಿತ್ತು.

ನಾನಾಗ ನಗರದ ನಡುವಿನ ಕ್ಯಾಂಪಸ್ಸೊಂದರಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ. ಚಾಮರಾಜಪೇಟೆಯ ನಮ್ಮ ಮನೆಯಿಂದ ಒಂದೇ ಬಸ್ಸು. ವಿಭಾಗದ ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ನಾವು ಕೆಲವರು ಮೊದಲ ವರ್ಷವೆಲ್ಲ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆವು. ಎರಡನೇ ವರ್ಷ ನಾನು ಮತ್ತು ಶಂಭುಲಿಂಗ ಸೇರಿ ಕನ್ನಡದಲ್ಲಿ ಒಂದು ಪತ್ರಿಕೆ ಶುರುಮಾಡಿದೆವು. ಹೆಸರು ‘ಬೇಡಿಕೆ’. ವಿದ್ಯಾರ್ಥಿಗಳೇ ಬರೆದು, ವಿದ್ಯಾರ್ಥಿಗಳೇ ತಿದ್ದಿ, ವಿದ್ಯಾರ್ಥಿಗಳೇ ಹಂಚುವ ಅರ್ಥಶಾಸ್ತ್ರದ ಪತ್ರಿಕೆ. ಮೂರು ತಿಂಗಳಿಗೊಂದು ಸಂಚಿಕೆ. ಮೊದಲ ಸಂಚಿಕೆಯ ಕಟ್ಟುಗಳು ಕ್ಯಾಂಟೀನಿನ ಮೇಜುಗಳ ಮೇಲೆ ಹಾಗೇ ಬಿದ್ದಿದ್ದಾಗ ಸಹಪಾಠಿಗಳು, “ಬೇಡಿಕೆ ಇಲ್ಲ ಗುರು, ಬರೀ ಪೂರೈಕೆ” ಎಂದು ನಕ್ಕಿದ್ದರು.

ಶಂಭು ಪೇಟೆಯ ಹುಡುಗ. ಅವರ ತಾತನ ಕಾಲದಿಂದ ಚಿಕ್ಕಪೇಟೆಯ ಒಂದು ಓಣಿಯಲ್ಲಿ ಅವರದು ಪಂಚೆ, ಟವೆಲ್ಲಿನ ಅಂಗಡಿ. ಹಣೆಯಲ್ಲಿ ತೆಳುವಾಗಿ ವಿಭೂತಿ, ಜೇಬಿನಲ್ಲಿ ಸದಾ ಎರಡು ಪೆನ್ನು. ವ್ಯಾಪಾರದ ಬಗ್ಗೆ ನಾವು ಪುಸ್ತಕದಲ್ಲಿ ಓದಿದ್ದನ್ನು ಅವನು ಹುಟ್ಟಿನಿಂದ ನೋಡಿದ್ದ. ನಾನು ಬರೆದ ವಾಕ್ಯವನ್ನು ಓದಿ, “ಗಿರಾಕಿ ಹಿಂಗೆ ಯೋಚ್ನೆ ಮಾಡಲ್ಲ ಸವಿತಾ” ಎಂದು ಹೊಡೆದುಹಾಕುತ್ತಿದ್ದ. ಹೆಚ್ಚುಸಲ ಅವನು ಹೇಳಿದ್ದೇ ಸರಿಯಿರುತ್ತಿತ್ತು.

ಮೂರನೇ ಸಂಚಿಕೆಗೆ ನಾವು ಆರಿಸಿಕೊಂಡ ವಿಷಯ ಮಲ್ಲೇಶ್ವರದ ಒಂದು ಅಡ್ಡರಸ್ತೆ. ಎರಡೂ ಬದಿಯ ಫುಟ್‌ಪಾತಿನಲ್ಲಿ ಹೂವು, ಹಣ್ಣು, ಬಾಳೆಎಲೆ, ಸೊಪ್ಪು ಮಾರುವವರು ತಲೆಮಾರುಗಳಿಂದ ಕೂತ ರಸ್ತೆ ಅದು. ಪಕ್ಕದಲ್ಲೇ ಹೊಸ ಮಾರ್ಕೆಟ್ ಕಟ್ಟಡ ಮೇಲೇಳುತ್ತಿತ್ತು. ಇವರನ್ನೆಲ್ಲ ಅದರೊಳಗೆ ಕಳಿಸಿ ರಸ್ತೆ ತೆರವು ಮಾಡುತ್ತಾರೆ ಎಂಬ ಮಾತು ಆಗಲೇ ಹರಡಿತ್ತು. ವ್ಯಾಪಾರಿಗಳಿಗೆ ಏನು ಬೇಕು ಎಂದು ಯಾರೂ ಕೇಳಿರಲಿಲ್ಲ. ನಾವು ಕೇಳೋಣ ಎಂದುಕೊಂಡೆವು. ಒಂದು ಪುಟದ ಫಾರಂ ತಯಾರಿಸಿದೆವು. ಕೊನೆಯ ಪ್ರಶ್ನೆ ಮುಖ್ಯವಾದದ್ದು: “ಹೊಸ ಕಟ್ಟಡದಲ್ಲಿ ಜಾಗ ಕೊಟ್ಟರೆ ಹೋಗುತ್ತೀರಾ?” ಅದರ ಮುಂದೆ ಎರಡು ಚೌಕ. ಹೌದು, ಇಲ್ಲ. ರಸ್ತೆಯ ಎಡಸಾಲು ಶಂಭುವಿಗೆ, ಬಲಸಾಲು ನನಗೆ.

ಯುಗಾದಿಗೆ ಇನ್ನೂ ಮೂರು ವಾರವಿತ್ತು. ಬೆಳಿಗ್ಗೆ ಏಳಕ್ಕೆಲ್ಲ ಬಿಸಿಲು ಚುರುಗುಡುತ್ತಿತ್ತು. ನಾನು ಹಲಗೆಗೆ ಫಾರಂ ಸಿಕ್ಕಿಸಿಕೊಂಡು ಕುಕ್ಕರಗಾಲಿನಲ್ಲಿ ಕೂತು ಕೇಳುತ್ತ ಹೋದೆ. ಬುಟ್ಟಿಗೆ ಚಿಮುಕಿಸಿದ ನೀರು ಕಾಗದದ ಮೇಲೆ ಬೀಳುತ್ತಿತ್ತು. ನನ್ನ ಸಾಲಿನ ನಡುಮಧ್ಯದಲ್ಲಿ, ಹೊಂಗೆ ಮರದ ಬುಡದಲ್ಲಿ ಕೂರುತ್ತಿದ್ದವರು ಜಯಮ್ಮ. ವಯಸ್ಸು ಐವತ್ತೈದರ ಮೇಲಿರಬೇಕು. ಕನಕಾಂಬರದ ನಡುವೆ ದವನ ಸೇರಿಸಿ ಕಟ್ಟುತ್ತಿದ್ದ ಅವರ ಬೆರಳುಗಳು ನನ್ನೊಡನೆ ಮಾತಾಡುವಾಗಲೂ ನಿಲ್ಲಲಿಲ್ಲ.

“ಬರ್ಕೊಳಮ್ಮ, ಬರ್ಕೊ. ಬರ್ಕೊಂಡು ಹೋದೋರು ಎಷ್ಟೋ ಜನ” ಎಂದರು.

ವಯಸ್ಸು, ಊರು, ಎಷ್ಟು ವರ್ಷದಿಂದ ಕೂತಿದ್ದೀರಿ ಎಲ್ಲ ಕೇಳಿ ಮುಗಿಸಿ ಕೊನೆಯ ಪ್ರಶ್ನೆಗೆ ಬಂದೆ. ಅವರ ಬೆರಳು ಆಗ ಮಾತ್ರ ಒಂದು ಕ್ಷಣ ನಿಂತಿತು. ಕಟ್ಟಡದತ್ತ ತಲೆಯೆತ್ತಿ ನೋಡಿದರು. ಆಮೇಲೆ ನನ್ನ ಮುಖ ನೋಡಿ ನಕ್ಕು, “ನೋಡೋಣ” ಎಂದರು. ಒಂದು ಮೊಳ ಹೂವನ್ನು ನನ್ನ ಕೈಗೆ ತುರುಕಿದರು. ಎಷ್ಟು ಬೇಡವೆಂದರೂ ಕೇಳಲಿಲ್ಲ.

ಅದೇ ಮಾತನ್ನು ಆ ಸಾಲಿನಲ್ಲಿ ತುಂಬ ಜನ ಹೇಳಿದರು. ನೋಡೋಣ. ನೋಡುವ. ನೋಡೋಣ ಬಿಡಿ. ನನ್ನ ಫಾರಂನಲ್ಲಿ ಅದಕ್ಕೆ ಚೌಕ ಇರಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ ‘ನೋ’ ಎಂದು ಒಂದಕ್ಷರ ಗುರುತು ಹಾಕಿಕೊಂಡೆ. ಸಂಜೆ ಮನೆಯಲ್ಲಿ ಕೂತು ಒಂದೊಂದಕ್ಕೂ ಉತ್ತರ ತುಂಬುವಾಗ, ಇಲ್ಲ ಎಂದವರಿಗೆ ‘ಇಲ್ಲ’ ಹಾಕಿದೆ. ನೋಡೋಣ ಎಂದವರು ಇಲ್ಲ ಎನ್ನಲಿಲ್ಲವಲ್ಲ ಎಂದುಕೊಂಡು ‘ಹೌದು’ ಹಾಕಿದೆ. ಅದಕ್ಕಾಗಿ ಎರಡು ನಿಮಿಷವೂ ಯೋಚಿಸಿದ ನೆನಪಿಲ್ಲ. ಸೋಮವಾರ ಪ್ರೆಸ್ಸಿಗೆ ಹೋಗಬೇಕಿತ್ತು. ಶಂಭುವಿಗೂ ಫೋನಿನ ಮೇಲೆ ಫೋನು ಮಾಡಿ, “ಭಾನುವಾರ ನಿನ್ನ ನಲವತ್ತು ಫಾರಂ ನನ್ನ ಕೈಲಿರ್ಬೇಕು. ಇಲ್ಲಾಂದ್ರೆ ಸಂಚಿಕೆನೇ ಇಲ್ಲ” ಎಂದು ಹೇಳಿದ್ದೆ. ಅವನು ಭಾನುವಾರವೇ ತಂದುಕೊಟ್ಟ.

ಎರಡು ಸಾಲಿನ ಉತ್ತರಗಳೂ ಒಂದಕ್ಕೊಂದು ಹೊಂದಿಕೊಂಡವು. ಬಹುಪಾಲು ವ್ಯಾಪಾರಿಗಳು ಹೋಗಲು ಒಪ್ಪಿದ್ದಾರೆ ಎಂಬುದು ನಮ್ಮ ತೀರ್ಮಾನವಾಯಿತು. ನನಗೆ ಆಶ್ಚರ್ಯವೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ಎಲ್ಲರೂ ಅಂದುಕೊಂಡದ್ದಕ್ಕೆ ವಿರುದ್ಧವಾದದ್ದನ್ನು ನಾವು ಕಂಡುಹಿಡಿದಿದ್ದೆವು. ಮುಖಪುಟದಲ್ಲಿ ‘ಬೀದಿ ಬಿಡಲು ಸಿದ್ಧ’ ಎಂಬ ತಲೆಬರಹ ಹಾಕಿದವಳು ನಾನೇ.

ಸಂಚಿಕೆ ಬಂದ ವಾರದಲ್ಲೇ ಫೋನು ಬಂತು. ಆ ಭಾಗದ ನಿವಾಸಿಗಳ ಸಂಘವೊಂದರ ಕಾರ್ಯದರ್ಶಿ ಶ್ರೀಕಂಠಯ್ಯ ಎಂಬ ನಿವೃತ್ತ ಇಂಜಿನಿಯರು ಮಾತಾಡಿದರು. “ಬಹಳ ಒಳ್ಳೇ ಕೆಲಸ ಮಾಡಿದೀರಮ್ಮ. ಯುಗಾದಿ ಆದ್ಮೇಲಿನ ಶನಿವಾರ ಕಾರ್ಪೊರೇಷನ್ ಅಧಿಕಾರಿಗಳನ್ನ ನಮ್ಮ ಹಾಲ್‌ಗೆ ಕರೆಸ್ತಿದೀವಿ. ಅವತ್ತೇ ತೀರ್ಮಾನ ಆಗತ್ತೆ. ನಿಮ್ಮ ಪತ್ರಿಕೆ ಐವತ್ತು ಪ್ರತಿ ಬೇಕು. ನೀವೂ ಬಂದು ಎರಡು ಮಾತಾಡ್ಬೇಕು.” ನಾನು ಸಂತೋಷದಿಂದ ಒಪ್ಪಿದೆ. ಕ್ಯಾಂಟೀನಿನಲ್ಲಿ ಯಾರೂ ಮುಟ್ಟದ ಪತ್ರಿಕೆಯನ್ನು ಅಧಿಕಾರಿಗಳು ಓದುತ್ತಾರೆ! ವಿಭಾಗದ ಮುಖ್ಯಸ್ಥೆ, ನಾವು ಬರೀ ಮೇಡಂ ಎಂದು ಕರೆಯುತ್ತಿದ್ದವರು, ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದರು. ಆ ಶನಿವಾರದ ಮುಂದಿನ ಸೋಮವಾರ ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ತಂಡವೊಂದು ಬರುವುದಿತ್ತು. ಅವರ ಮುಂದೆ ಇಡುವ ಸಾಮಗ್ರಿಯಲ್ಲಿ ‘ಬೇಡಿಕೆ’ ಎಲ್ಲಕ್ಕಿಂತ ಮೇಲೆ ಇರುತ್ತದೆ ಎಂದರು.

ಯುಗಾದಿಯ ಮರುದಿನ ಮಧ್ಯಾಹ್ನ ಜಯಮ್ಮ ಕ್ಯಾಂಪಸ್ಸಿಗೆ ಬಂದರು. ಜೊತೆಗೆ ಇನ್ನಿಬ್ಬರು ಹೆಂಗಸರು. ಗೇಟಿನ ಕಾವಲುಗಾರ ಒಳಗೆ ಬಿಡದೆ ನನಗೆ ಹೇಳಿ ಕಳಿಸಿದ್ದ. ನಾನು ಓಡಿಕೊಂಡು ಹೋದಾಗ ಮೂವರೂ ಗೇಟಿನ ಹೊರಗೆ, ಬಿಸಿಲಿನಲ್ಲಿ ನಿಂತಿದ್ದರು. ಜಯಮ್ಮನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ನಮ್ಮ ಪತ್ರಿಕೆ. ಹಬ್ಬದ ವ್ಯಾಪಾರ ಮುಗಿದ ದಣಿವು ಅವರ ಮುಖದಲ್ಲಿತ್ತು. ಬೆರಳ ತುದಿಗಳು ಬೇವಿನ ಸೊಪ್ಪು ಕಿತ್ತು ಕಿತ್ತು ಹಸಿರಾಗಿದ್ದವು.

“ಸಂಘದೋರು ಹಂಚಿದ್ದನ್ನ ನನ್ನ ಸೊಸೆ ಓದಿ ಹೇಳಿದ್ಳು. ಎಲ್ರೂ ಒಪ್ಕೊಂಡಿದಾರೆ ಅಂತ ಬರ್ದಿದೀಯಂತೆ. ಯಾರಮ್ಮ ಒಪ್ಕೊಂಡಿದ್ದು?”

“ಕೇಳೇ ಬರ್ಕೊಂಡಿದೀವಿ ಅಮ್ಮ. ಫಾರಂ ಎಲ್ಲಾ ಇದೆ.”

“ನನ್ನ ಎದುರುಗಡೆ ಸಾಲಲ್ಲಿ ಸುಮಾರು ಜನನ್ನ ಕೇಳೇ ಇಲ್ವಂತಲ್ಲ? ಒಬ್ಬ ಹುಡುಗ ಒಂದಿನ ಬಂದಿದ್ನಂತೆ, ಅರ್ಧಕ್ಕೆ ಹೋದ್ನಂತೆ.” ಅವರ ಜೊತೆಗಿದ್ದ ಹೆಂಗಸೊಬ್ಬರು ಹೌದೆಂದು ತಲೆಯಾಡಿಸಿದರು. “ಶನಿವಾರ ಆಫೀಸರು ಬರ್ತಾರೆ. ನಿಮ್ ಪುಸ್ತಕ ತೋರ್ಸಿ ನಮ್ಮನ್ನ ಎಬ್ಬಿಸ್ತಾರೆ. ಏನ್ ಮಾಡ್ತೀಯ ಹೇಳು.”

ನೋಡಿ ಹೇಳುತ್ತೇನೆ ಎಂದೆ. ಅವರು ಬೈಯಲಿಲ್ಲ. ಹಾಗೇ ತಿರುಗಿ ಬಸ್‌ಸ್ಟಾಪಿನ ಕಡೆ ನಡೆದರು. ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಫಾರಂಗಳು ವಿಭಾಗದ ಕಬ್ಬಿಣದ ಬೀರುವಿನಲ್ಲಿದ್ದವು. ಶಂಭುವಿನ ಕಟ್ಟನ್ನು ಬಿಚ್ಚಿ ಮೇಜಿನ ಮೇಲೆ ಹರಡಿದೆ. ಮೊದಲ ಹದಿನಾಲ್ಕು ಹಾಳೆಗಳು ನನ್ನವುಗಳಂತೆಯೇ ಇದ್ದವು: ನೀರು ಬಿದ್ದು ಉಬ್ಬಿದ ಅಂಚು, ಅರಿಶಿನದ ಬೆರಳಚ್ಚು, ಸೊಪ್ಪಿನ ಕಲೆ. ಹದಿನೈದನೆಯದರಿಂದ ಮುಂದಿನವು ಅಂಗಡಿಯಿಂದ ಆಗ ತಾನೇ ತಂದ ಕಾಗದದಷ್ಟು ಬೆಳ್ಳಗಿದ್ದವು. ಒಂದೇ ಪೆನ್ನು, ಒಂದೇ ಓರೆಯ ಗುರುತು. ಮೂಸಿ ನೋಡಿದೆ. ಕಾಗದದ ವಾಸನೆ ಬಿಟ್ಟು ಇನ್ನೇನೂ ಇರಲಿಲ್ಲ. ಅವನು ತಂದುಕೊಟ್ಟ ದಿನವೇ ಇದನ್ನು ಕಣ್ಣು ಬಿಟ್ಟು ನೋಡಬಹುದಿತ್ತು. ನಾನು ಎಣಿಸಿದ್ದೆ, ನೋಡಿರಲಿಲ್ಲ.

ಶಂಭು ಲೈಬ್ರರಿಯ ಮೆಟ್ಟಿಲ ಮೇಲೆ ಸಿಕ್ಕಿದ. ಹಾಳೆಗಳನ್ನು ಅವನ ತೊಡೆಯ ಮೇಲಿಟ್ಟೆ. ಅವನು ಅವುಗಳನ್ನು ಮುಟ್ಟಲಿಲ್ಲ.

“ಯಾವಾಗ ಕೇಳ್ತೀಯ ಅಂತ ಕಾಯ್ತಿದ್ದೆ” ಎಂದ.

“ಯಾಕೋ ಹಿಂಗ್ ಮಾಡ್ದೆ?”

“ಅಪ್ಪಂಗೆ ಆಪರೇಷನ್ ಆಯ್ತು ಸವಿತಾ. ಅಂಗಡಿ ಬಾಗ್ಲು ತೆಗೆಯೋರು ಇರ್ಲಿಲ್ಲ. ಹಬ್ಬದ ಸೀಸನ್ನು. ಬೆಳಿಗ್ಗೆಯಿಂದ ನಾನೇ ಕೂತ್ಕೋಬೇಕಿತ್ತು.”

“ಹೇಳಬಹುದಿತ್ತಲ್ಲ?”

“ಹೇಳೋಕೆ ಫೋನ್ ಎತ್ತಿದ್ರೆ ನೀನು ‘ಇಲ್ಲಾಂದ್ರೆ ಸಂಚಿಕೆನೇ ಇಲ್ಲ’ ಅಂದೆ. ಹದಿನಾಲ್ಕು ಜನದಲ್ಲಿ ಹತ್ತು ಜನ ಹೋಗ್ತೀವಿ ಅಂದಿದ್ರು. ಉಳಿದೋರೂ ಅದನ್ನೇ ಹೇಳ್ತಾರೆ ಅಂತ ಕೌಂಟರ್ ಮೇಲೇ ಕೂತು ತುಂಬಿಬಿಟ್ಟೆ.” ಆ ಹಾಳೆಗಳನ್ನೇ ನೋಡುತ್ತ, “ಗಿರಾಕಿ ಬಂದಾಗ ನಿಲ್ಸಿ, ಹೋದ್ಮೇಲೆ ಮತ್ತೆ ತುಂಬ್ದೆ” ಎಂದ.

ನನಗೆ ಕನಿಕರವಾಗಲಿಲ್ಲ. ಅವತ್ತು ನನಗಿದ್ದದ್ದು ಬರೀ ಸಿಟ್ಟು. ಅವನ ಅಪ್ಪ ಹೇಗಿದ್ದಾರೆ ಎಂದು ಕೂಡ ಕೇಳದೆ ಹಾಳೆಗಳನ್ನು ಬಾಚಿಕೊಂಡು ನೇರ ಮೇಡಂ ಕೋಣೆಗೆ ಹೋದೆ.

ಮೇಡಂ ಎಲ್ಲವನ್ನೂ ಕೇಳಿ, ಬಾಗಿಲು ಹಾಕು ಎಂದು ಸನ್ನೆ ಮಾಡಿದರು. “ಸೋಮವಾರ ತಂಡ ಬರತ್ತೆ. ಪತ್ರಿಕೆ ಆಗಲೇ ಅವರಿಗೆ ಕಳಿಸಿದೀನಿ. ಈಗ ಇದು ಸುಳ್ಳು ಅಂತ ಹೊರಗೆ ಹೋದ್ರೆ ವಿಭಾಗದ ಗತಿ ಏನು? ಮುಂದಿನ ಸಂಚಿಕೆಲಿ ಒಂದು ತಿದ್ದುಪಡಿ ಹಾಕು. ಜೂನ್‌ನಲ್ಲಿ.”

“ಶನಿವಾರ ತೀರ್ಮಾನ ಮಾಡ್ತಾರಂತೆ ಮೇಡಂ.”

“ನಿನ್ನ ಫಾರಂ ಸರಿಯಾಗಿದೆ ತಾನೆ?”

“ಇದೆ ಮೇಡಂ.”

“ಹಾಗಾದ್ರೆ ಲೇಖನ ಅರ್ಧ ಸರಿ ಇದೆ. ಶಂಭುಲಿಂಗನ್ನ ನಾನು ನೋಡ್ಕೋತೀನಿ. ನೀನು ಶನಿವಾರ ಅಲ್ಲಿಗೆ ಹೋಗೋದು ಬೇಡ. ಹೋದ್ರೆ ಪತ್ರಿಕೆ ಇವತ್ತಿಗೆ ನಿಂತುಹೋಯ್ತು ಅನ್ಕೋ. ನಿನಗೆ ಪಿಎಚ್.ಡಿ. ಮಾಡೋ ಆಸೆ ಬೇರೆ ಇದೆ.”

ಕೊನೆಯ ಮಾತನ್ನು ಅವರು ಬೆದರಿಕೆಯ ಧ್ವನಿಯಲ್ಲಿ ಹೇಳಲಿಲ್ಲ. ನನ್ನ ಹಿತಕ್ಕೇ ಹೇಳಿದಂತಿತ್ತು. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ನನ್ನ ಫಾರಂಗಳನ್ನು ಬೀರುವಿನಿಂದ ತೆಗೆದು ಮನೆಗೆ ತಂದು ಅವನ್ನು ಮಾತ್ರ ಬೇರೆಯಾಗಿ ಎಣಿಸಿದೆ. ಶಂಭುವಿನ ಕಟ್ಟನ್ನು ಪೂರ್ತಿ ಕೈಬಿಟ್ಟರೂ ಒಪ್ಪಿದವರೇ ಹೆಚ್ಚಿದ್ದರು. ತಲೆಬರಹ ನಿಲ್ಲುತ್ತದೆ! ಜಯಮ್ಮನ ಹಾಳೆಯನ್ನು ಹುಡುಕಿದೆ. ಅವರ ಹಾಳೆ ತೋರಿಸಿದರೆ ಅವರಿಗೂ ಉತ್ತರ ಸಿಗುತ್ತದೆ ಎಂದುಕೊಂಡೆ. ಸಿಕ್ಕಿತು. ‘ಹೌದು’ ಚೌಕದಲ್ಲಿ ನೀಲಿ ಶಾಯಿಯ ಗುರುತು, ಅದರ ಪಕ್ಕದಲ್ಲೇ ಪೆನ್ಸಿಲಿನ ನನ್ನ ಅಕ್ಷರ, ‘ನೋ’.

ಒಂದು ಗಳಿಗೆ ಅದನ್ನು ಇಂಗ್ಲಿಷಿನಲ್ಲಿ ಓದಿಕೊಂಡೆ. ಆಮೇಲೆ ನೆನಪಾಯಿತು, ಅದು ‘ನೋಡೋಣ’ದ ಗುರುತು. ಒಂದೊಂದೇ ಹಾಳೆ ತಿರುವಿದೆ. ನೋ, ನೋ, ನೋ. ಹೌದು ಎಂದು ಬಾಯಿಬಿಟ್ಟು ಹೇಳಿದವರು ಒಂದು ಕೈ ಬೆರಳಿನಷ್ಟು ಜನ.

ನನ್ನಮ್ಮ ಪಕ್ಕದಲ್ಲೇ ಹುರಳಿಕಾಯಿ ಸೋಸುತ್ತ ಕೂತಿದ್ದಳು. ಮಾಗಡಿ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. “ಅಮ್ಮ, ಯಾರಾದ್ರೂ ಏನಾದ್ರೂ ಕೇಳಿದಾಗ ನೀನು ನೋಡೋಣ ಅಂದ್ರೆ ಏನರ್ಥ?” ಎಂದು ಕೇಳಿದೆ.

“ಆಗಲ್ಲ ಅಂತ. ಮೊಖದ ಮೇಲೆ ಹೊಡ್ದಂಗೆ ಹೇಳಕ್ಕಾಗತ್ತಾ?” ಎಂದಳು, ಹುರಳಿಕಾಯಿಯಿಂದ ತಲೆಯೆತ್ತದೆ.

ಇದು ನನಗೆ ಗೊತ್ತಿರದ ವಿಷಯವೇ? ಮದುವೆಗೆ ಬನ್ನಿ ಎಂದವರಿಗೆ, ಚೀಟಿಗೆ ಸೇರಿ ಎಂದವರಿಗೆ ನಾನೇ ಎಷ್ಟು ಸಲ ನೋಡೋಣ ಎಂದಿರಲಿಲ್ಲ? ಹಲಗೆ ಮತ್ತು ಫಾರಂ ಹಿಡಿದು ಕೂತ ತಕ್ಷಣ ಅದನ್ನು ಹೇಗೆ ಮರೆತೆ? ಶಂಭು ಕೇಳದೆಯೇ ಬರೆದಿದ್ದ. ನಾನು ಕೇಳಿ, ಕೇಳಿಸಿಕೊಂಡು, ಬೇರೆಯದನ್ನು ಬರೆದಿದ್ದೆ.

ಶುಕ್ರವಾರ ಇಡೀ ದಿನ ಯಾರಿಗೂ ಏನೂ ಹೇಳಲಿಲ್ಲ. ಕ್ಲಾಸಿನಲ್ಲಿ ಶಂಭು ಇರಲಿಲ್ಲ. ಅವನ ಮೇಲೆ ಕ್ರಮ ಕೈಗೊಳ್ಳುತ್ತಾರೆ, ಪರೀಕ್ಷೆಗೆ ಕೂರಲು ಬಿಡುವುದಿಲ್ಲ ಎಂಬ ಸುದ್ದಿ ಆಗಲೇ ಓಡಾಡುತ್ತಿತ್ತು. ಕೆಲವರು ನನ್ನ ಹತ್ತಿರ ಬಂದು, “ಒಳ್ಳೇ ಸಮಯಕ್ಕೆ ಹಿಡಿದೆ ಬಿಡು” ಎಂದರು. ನಾನು ಇಲ್ಲ ಎನ್ನಲಿಲ್ಲ. ಮೇಡಂ ಕೋಣೆಯ ಮುಂದೆ ಎರಡು ಸಲ ಹಾದುಹೋದೆ. ಎರಡು ಸಲವೂ ಬಾಗಿಲು ತೆರೆದೇ ಇತ್ತು.

ಶನಿವಾರ ಮಧ್ಯಾಹ್ನ ಮೂರಕ್ಕೆ ಸಭೆ. ಹೋಗುತ್ತೇನೋ ಇಲ್ಲವೋ ಎಂದು ನನಗೇ ತಿಳಿಯದೆ ಬಸ್ಸು ಹತ್ತಿದ್ದೆ. ಇಳಿಯುವಾಗ ಆಕಾಶ ಕಪ್ಪಾಗಿತ್ತು, ಗಾಳಿಯಿರಲಿಲ್ಲ. ಸಂಘದ ಹಾಲಿನಲ್ಲಿ ಮುಂದಿನ ಕುರ್ಚಿಗಳಲ್ಲಿ ನಿವಾಸಿಗಳು, ಗೋಡೆಯ ಪಕ್ಕದಲ್ಲಿ ನಿಂತ ವ್ಯಾಪಾರಿಗಳು, ಮೇಜಿನ ಹಿಂದೆ ಒಬ್ಬ ಅಧಿಕಾರಿ. ಪ್ರತಿ ಕುರ್ಚಿಯ ಮೇಲೂ ‘ಬೇಡಿಕೆ’ ಇಟ್ಟಿದ್ದರು. ನಮ್ಮ ಪತ್ರಿಕೆಯನ್ನು ಅಷ್ಟು ಜನ ಒಟ್ಟಿಗೆ ಓದುವುದನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲ ಬಳಿ ಶಂಭು ನಿಂತಿದ್ದ. ಬರುತ್ತಾನೆಂದು ನಾನು ಎಣಿಸಿರಲಿಲ್ಲ. ಅವನು ನನ್ನನ್ನು ನೋಡಿ ಮುಖ ತಿರುಗಿಸಿದ.

ಶ್ರೀಕಂಠಯ್ಯನವರು ಲೇಖನದ ಕೊನೆಯ ಭಾಗವನ್ನು ಗಟ್ಟಿಯಾಗಿ ಓದಿದರು. ಅವರು ಕೆಟ್ಟವರಲ್ಲ. ಆ ರಸ್ತೆಯಲ್ಲಿ ಆಂಬುಲೆನ್ಸ್ ಸಿಕ್ಕಿಹಾಕಿಕೊಂಡದ್ದನ್ನು ಹೇಳುವಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, “ವ್ಯಾಪಾರಿಗಳ ಮೇಲೆ ನಾವು ಏನೂ ಹೇರ್ತಿಲ್ಲ. ಅವರೇ ಒಪ್ಪಿದಾರೆ ಅಂತ ವಿದ್ಯಾರ್ಥಿಗಳು ತೋರಿಸ್ಕೊಟ್ಟಿದಾರೆ. ಬಾಮ್ಮ, ನೀನೇ ಹೇಳು” ಎಂದು ನನ್ನ ಕಡೆ ಕೈ ಮಾಡಿದರು.

ಎದ್ದು ನಿಂತೆ. “ಸರ್, ಎಡಗಡೆ ಸಾಲಿನ ಫಾರಂಗಳು ಸರಿಯಿಲ್ಲ. ಅವುಗಳಲ್ಲಿ ಹೆಚ್ಚಿನವನ್ನ ಕೇಳದೆ ತುಂಬಿದೀವಿ” ಎಂದೆ.

ಹಾಲಿನಲ್ಲಿ ಗುಜುಗುಜು ಎದ್ದಿತು. ಬಾಗಿಲ ಬಳಿಯಿಂದ ಶಂಭುವಿನ ದನಿ ಬಂತು. “ತುಂಬಿದ್ದು ನಾನು ಸರ್. ಅವಳಲ್ಲ.”

ಅಧಿಕಾರಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಅವರಿಗೆ ಬೇಗ ಮುಗಿಸುವ ಆತುರವಿತ್ತು. “ಸರಿನಪ್ಪ. ಅದನ್ನ ಬಿಟ್ಬಿಡೋಣ. ಬಲಗಡೆ ಸಾಲು ಸರಿ ಇದೆಯಲ್ಲಮ್ಮ? ಅದ್ರಲ್ಲೂ ಬಹುಪಾಲು ಜನ ಒಪ್ಪಿದಾರಾ?”

ಇದೆ ಸರ್ ಎನ್ನುವ ಎರಡು ಪದ ನನ್ನ ನಾಲಿಗೆಯ ತುದಿಯಲ್ಲಿದ್ದವು. ಹೇಳಿಬಿಟ್ಟಿದ್ದರೆ ಯಾರಿಗೂ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಪತ್ರಿಕೆ ಅರ್ಧ ಉಳಿಯುತ್ತಿತ್ತು, ನಾನು ಪೂರ್ತಿ ಉಳಿಯುತ್ತಿದ್ದೆ. ಹೊರಗೆ ಗುಡುಗು ಉರುಳಿತು.

ಗೋಡೆಯ ಪಕ್ಕದಿಂದ ಜಯಮ್ಮ ಎರಡು ಹೆಜ್ಜೆ ಮುಂದೆ ಬಂದರು. “ನನ್ ಹತ್ರ ಬಂದಿದ್ದು ಈ ಹುಡುಗ ಅಲ್ಲ, ನೀನು. ನಾನೇನಂದೆ ನಿಂಗೆ?”

“ನೋಡೋಣ ಅಂದ್ರಿ.”

“ನೀನೇನ್ ಬರ್ಕೊಂಡೆ?”

ಅವರ ಮುಖ ನೋಡಲಾಗದೆ ನೆಲ ನೋಡಿದೆ. “ಹೌದು ಅಂತ ಬರ್ಕೊಂಡೆ ಅಮ್ಮ. ನೋಡೋಣ ಅಂದೋರ್ದೆಲ್ಲಾ ಹೌದು ಅಂತಾನೇ ಬರ್ಕೊಂಡೆ.”

ಅಧಿಕಾರಿ ಹುಬ್ಬು ಗಂಟಿಕ್ಕಿದರು. “ಅದ್ರಲ್ಲೇನಿದೆ? ನೋಡೋಣ ಅಂದ್ರೆ ಹೆಚ್ಚುಕಮ್ಮಿ ಹೌದು ಅಂತಾನೇ ತಾನೆ?”

ಜಯಮ್ಮ ಅವರ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಸ್ವಾಮಿ, ನೀರಿನ ನಲ್ಲಿ ಹಾಕ್ಸಿ ಅಂತ ನಾವು ಅರ್ಜಿ ಹಿಡ್ಕೊಂಡು ನಿಮ್ಮ ಆಫೀಸಿಗೆ ಬಂದಾಗೆಲ್ಲ ನೋಡೋಣ ಅಂತೀರಲ್ಲ. ಅದು ಹೌದು ಅಂತಾನಾ?”

ಮೊದಲು ನಕ್ಕವರು ಮುಂದಿನ ಸಾಲಿನ ನಿವಾಸಿಗಳೇ. ಆಮೇಲೆ ಇಡೀ ಹಾಲು ನಕ್ಕಿತು. ಅಧಿಕಾರಿಯೂ ತಡೆಯಲಾಗದೆ ನಕ್ಕರು. ನಾನು ಮಾತ್ರ ನಿಂತಲ್ಲೇ ಅಳುತ್ತಿದ್ದೆ. ಅಷ್ಟರಲ್ಲಿ ಆಲಿಕಲ್ಲು ಮಳೆ ತಗಡಿನ ಮಾಡಿನ ಮೇಲೆ ಬಡಿಯತೊಡಗಿ, ಯಾರ ಮಾತು ಯಾರಿಗೂ ಕೇಳದಂತಾಯಿತು. ಬುಟ್ಟಿಗಳನ್ನು ಬಿಟ್ಟು ಬಂದಿದ್ದ ಹೆಂಗಸರು ಸೆರಗು ತಲೆಗೆಳೆದುಕೊಂಡು ಓಡಿದರು. ಅವತ್ತು ಯಾವ ತೀರ್ಮಾನವೂ ಆಗಲಿಲ್ಲ. ಎಲ್ಲರನ್ನೂ ಮತ್ತೊಮ್ಮೆ ಕೇಳಿದ ಮೇಲೆಯೇ ಮುಂದಿನ ಮಾತು ಎಂದು ಅಧಿಕಾರಿ ಬರೆದುಕೊಂಡು ಹೋದರು. ಶ್ರೀಕಂಠಯ್ಯನವರು ಕುರ್ಚಿಗಳ ಮೇಲಿನ ಪ್ರತಿಗಳನ್ನೆಲ್ಲ ಒಟ್ಟು ಮಾಡಿ ನನ್ನ ಕೈಗೆ ವಾಪಸ್ ಕೊಟ್ಟರು.

ಭಾನುವಾರ ಬೆಳಿಗ್ಗೆಯೇ ಮೇಡಂ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ನನ್ನ ಫಾರಂ ಸರಿಯಿದೆ ಎಂದು ಹೇಳಿದ್ದು ತಪ್ಪಾಯಿತು ಎಂದೂ ಹೇಳಿದೆ. ಅವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು, ಒಳಗೆ ಕರೆಯಲಿಲ್ಲ. ಸೋಮವಾರ ಬಂದ ತಂಡದ ಮುಂದೆ ‘ಬೇಡಿಕೆ’ ಇರಲಿಲ್ಲ. ತಂಡ ಬಂದು, ಊಟ ಮಾಡಿ, ಎಲ್ಲ ನೋಡಿಕೊಂಡು ಹೋಯಿತು. ವಿಭಾಗಕ್ಕೆ ಯಾವ ಕೆಡುಕೂ ಆಗಲಿಲ್ಲ. ನಮ್ಮಿಂದ ಬೀರುವಿನ ಕೀಲಿ ವಾಪಸ್ ತೆಗೆದುಕೊಂಡರು. ಶಂಭುವಿಗೂ ನನಗೂ ಒಂದೇ ಒಕ್ಕಣೆಯ ಎಚ್ಚರಿಕೆ ಪತ್ರ ಬಂತು. ಪರೀಕ್ಷೆಗೆ ಇಬ್ಬರನ್ನೂ ಕೂರಲು ಬಿಟ್ಟರು. ಒಬ್ಬನನ್ನೇ ತಡೆಯಲು ಈಗ ಅವರಿಗೆ ದಾರಿ ಇರಲಿಲ್ಲ.

ಮರುಸಮೀಕ್ಷೆಗೆ ಬನ್ನಿ ಎಂದು ನಮ್ಮನ್ನು ಯಾರೂ ಕರೆದಿರಲಿಲ್ಲ. ಮಂಗಳವಾರ ಬೆಳಿಗ್ಗೆ ಆರೂವರೆಗೆ ನಾನು ಆ ರಸ್ತೆಯಲ್ಲಿ ಇಳಿದಾಗ ಶಂಭು ಆಗಲೇ ಎಡಸಾಲಿನ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಯಾರನ್ನೋ ಕೇಳುತ್ತಿದ್ದ. ಅಂಗಡಿಗೆ ಸೋದರಮಾವನನ್ನು ಕೂರಿಸಿ ಬಂದಿದ್ದನಂತೆ. ಅದನ್ನೂ ಆಮೇಲೆ ಬೇರೆಯವರಿಂದ ತಿಳಿದೆ. ನಾವಿಬ್ಬರೂ ಮಾತಾಡಲಿಲ್ಲ. ಹತ್ತು ದಿನ ಬೆಳಿಗ್ಗೆ, ರಸ್ತೆಯ ಆ ಕಡೆ ಅವನು, ಈ ಕಡೆ ನಾನು. ಚೌಕಗಳನ್ನು ಕೈಬಿಟ್ಟು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ನೋಟುಪುಸ್ತಕದಲ್ಲಿ ಬರೆದುಕೊಂಡೆವು.

ಹಾಗೆ ಕೂತು ಕೇಳಿದಾಗ ಎಷ್ಟೊಂದು ಹೇಳಿದರು! ಒಂದು ಮೊಳ ಹೂವಿಗಾಗಿ ಯಾರು ಮೆಟ್ಟಿಲು ಹತ್ತುತ್ತಾರೆ? ದೇವಸ್ಥಾನಕ್ಕೆ ಹೋಗುವವರು ನಡೆಯುತ್ತ ನಡೆಯುತ್ತ ಕೊಳ್ಳುತ್ತಾರೆ. ಕಟ್ಟಡದೊಳಗೆ ಗಾಳಿಯಿಲ್ಲದೆ ಮಲ್ಲಿಗೆ ಮಧ್ಯಾಹ್ನಕ್ಕೇ ಕೆಂಪಾಗುತ್ತದೆ. ಬಾಳೆಎಲೆಯವರ ಕಥೆಯೇ ಬೇರೆ. ಅವರಿಗೆ ಒಳಗೆ ಹೋಗುವ ಮನಸ್ಸು ನಿಜಕ್ಕೂ ಇತ್ತು, ಬಿಸಿಲಿಗೆ ಎಲೆ ಸುರುಟುತ್ತದೆಂದು. ಜಯಮ್ಮ ನನಗೆ ಮೊದಲ ದಿನ ಬೆನ್ನು ತಿರುಗಿಸಿದರು. ಮೂರನೇ ದಿನ, “ಕೂತ್ಕೋ, ನೆರಳಿಗೆ ಬಾ” ಎಂದರು. ಈ ಸಲ ಹೂವು ಕೊಡಲಿಲ್ಲ. ಬದಲಿಗೆ, “ನೆಲದ ಮಟ್ಟದಲ್ಲಿ, ಬಾಗ್ಲ ಎದ್ರಿಗೆ ಜಾಗ ಕೊಟ್ರೆ ಹೋಗ್ತೀನಿ. ಮೇಲ್ಗಡೆ ಅಂದ್ರೆ ಆಗಲ್ಲ. ಆಗಲ್ಲ ಅಂತಾನೇ ಬರ್ಕೊ” ಎಂದರು. ಬರೆದುಕೊಂಡು ಓದಿ ಹೇಳಿದೆ. ಇನ್ನೊಂದು ಸಲ ಓದಿಸಿದರು.

ಆ ನೋಟುಪುಸ್ತಕಗಳ ಪ್ರತಿಯನ್ನು ಶ್ರೀಕಂಠಯ್ಯನವರ ಮೂಲಕವೇ ಅಧಿಕಾರಿಗೆ ಕೊಟ್ಟೆವು. ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ವರ್ಷದೊಳಗೆ ಹಣ್ಣಿನವರನ್ನೂ ಎಲೆಯವರನ್ನೂ ಒಳಗೆ ಕಳಿಸಿದರು. ಹೂವಿನವರಿಗೆ ಒಂದು ಬದಿಯ ಫುಟ್‌ಪಾತಿನಲ್ಲಿ ಗೆರೆ ಎಳೆದು ಜಾಗ ಗುರುತು ಮಾಡಿದರು. ಸೊಪ್ಪಿನವರು ಕೆಲವರು ಎಲ್ಲೂ ಸಲ್ಲದೆ ಬೇರೆ ಕಡೆ ಹೋದರು. ಅವರಲ್ಲಿ ಎಡಸಾಲಿನವರೇ ಹೆಚ್ಚು.

ಪರೀಕ್ಷೆಗೆ ಎರಡು ವಾರವಿದ್ದಾಗ ನಾವು ‘ಬೇಡಿಕೆ’ಯ ಕೊನೆಯ ಸಂಚಿಕೆಯನ್ನು ತಂದೆವು. ಸಂಚಿಕೆ ಎಂದರೆ ಒಂದೇ ಹಾಳೆ, ಎರಡು ಬದಿ. ಅವನ ಪಾಲು ಅವನು, ನನ್ನ ಪಾಲು ನಾನು ಬರೆದು ಪ್ರೆಸ್ಸಿಗೆ ಕೊಟ್ಟಿದ್ದೆವು. ಒಂದು ಬದಿಯಲ್ಲಿ ವ್ಯಾಪಾರಿಗಳ ಮಾತು ಅವರು ಹೇಳಿದಂತೆಯೇ. ಇನ್ನೊಂದು ಬದಿಯಲ್ಲಿ ನಾವು ಮಾಡಿದ್ದು: ಯಾರು ಕೇಳದೆ ತುಂಬಿದರು, ಯಾರು ಕೇಳಿ ತಿರುಚಿದರು, ಯಾರು ಆತುರಪಟ್ಟರು ಎಂಬುದು. ವಿಭಾಗದ ಹೆಸರು ಹಾಕಕೂಡದು ಎಂದು ಮೇಡಂ ಹೇಳಿಕಳಿಸಿದ್ದರು. ಹಾಕಲಿಲ್ಲ. ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಯಂತ್ರದ ಸದ್ದಿನ ನಡುವೆ ಪ್ರೂಫ್ ಓದಲು ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರಬೇಕಾಯಿತು. ಹೊರಗೆ ಮಳೆ ಹಿಡಿದಿತ್ತು. ಹಾಳೆಯ ಕೊನೆಗೆ ನಾನು ಸೇರಿಸಿದ್ದ ಸಾಲು ‘ಈ ತಪ್ಪಿಗೆ ಹೊಣೆ’ ಎಂದಿತ್ತು. ಅದರ ಕೆಳಗೆ ಮೊದಲು ನನ್ನ ಹೆಸರು, ಆಮೇಲೆ ಅವನದು.

ಶಂಭು ಬಹಳ ಹೊತ್ತು ಆ ಸಾಲನ್ನೇ ನೋಡಿದ. ತೆಗೆಸಿಬಿಡುತ್ತಾನೇನೋ ಎಂದು ನನಗೆ ಭಯವಾಯಿತು. ತೆಗೆ ಎಂದರೆ ತೆಗೆಯುತ್ತಿದ್ದೆ. ಅವನು ಜೇಬಿನಿಂದ ಪೆನ್ನು ತೆಗೆದು ತನ್ನ ಹೆಸರಿನ ಮೇಲೆ ಬಾಗಿದ. ‘ಶಂಬುಲಿಂಗ’ ಎಂದು ಅಚ್ಚಾಗಿತ್ತು. ‘ಬು’ವಿನ ಕೆಳಗೆ ಒಂದು ಸಣ್ಣ ಗೀಟು ಎಳೆದು ‘ಭು’ ಮಾಡಿದ.

“ಮೊದಲನೇ ಹಾಳೆ ಅಪ್ಪಂಗೆ ಕೊಡ್ತೀನಿ” ಎಂದ. ಆ ಬೇಸಿಗೆಯಲ್ಲಿ ಲೈಬ್ರರಿ ಮೆಟ್ಟಿಲ ಮೇಲಿನ ಆ ಮಧ್ಯಾಹ್ನದ ನಂತರ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. “ಅವರಿಗಿನ್ನೂ ಏನೂ ಗೊತ್ತಿಲ್ಲ.”

“ಬೈತಾರೇನೋ.”

“ಬೈಯ್ಲಿ” ಎಂದ ಶಂಭು, ಪ್ರೂಫನ್ನು ಯಂತ್ರದ ಮುಂದಿದ್ದವರ ಕಡೆ ಚಾಚುತ್ತ. “ಹೆಸರು ಇಟ್ಟಿದ್ದು ಅವರು. ಅದಾದ್ರೂ ಸರಿಯಾಗಿರ್ಲಿ.”